ನಡುಗುವ ಕೈಯ ಅಕ್ಕೋರು

ಸುಮಿತ್ರಾ ಅಕ್ಕೋರ ಕೈ ನಡುಗುತ್ತಿತ್ತು. ಸ್ಕ್ರೂ ಬಿಚ್ಚುವಾಗ ಅಲ್ಲ, ವೈರ್ ಜೋಡಿಸುವಾಗಲೂ ಅಲ್ಲ. ಕಂಪ್ಯೂಟರ್ ಪೂರ್ತಿ ಏಳುವ ಮೊದಲೇ ಡಿಲೀಟ್ ಕೀ ಒತ್ತಿ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನ ನೀಲಿ ಪರದೆ ತೆರೆಯುವಾಗ ಮಾತ್ರ. ಸಿಂದಗಿಯಲ್ಲಿ ಮೊದಲು ಕಂಪ್ಯೂಟರ್ ಕ್ಲಾಸ್ ನಡೆಸಿ, ಆಮೇಲೆ ರಿಪೇರಿ ಅಂಗಡಿ ಇಟ್ಟವರು. ಇಂಥ ಅಂಜುಬುರುಕಿಯ ಕೈಗೆ ಯಂತ್ರ ಯಾರು ಕೊಡುತ್ತಾರೆ ಎಂದು ನಾನೂ ನಕ್ಕವನೇ.

ಆ ನಗು ನಿಂತದ್ದು ನನ್ನದೇ ತಪ್ಪಿನಿಂದ. ಮೋರಟಗಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಯಂತ್ರ ಜೋರಾಗಿ ಓಡಲೆಂದು ಯಾರದೋ ಮಾತು ಕೇಳಿ, ಬಯಾಸ್‌ಗೆ ಹೋಗಿ ಏನೋ ಬದಲಿಸಿ ಸೇವ್ ಮಾಡಿದೆ. ಮತ್ತೆ ಶುರು ಮಾಡಿದರೆ ಡಿಸ್ಕೇ ಇಲ್ಲ ಅನ್ನುತ್ತಿದೆ! ಒಂದು ಮದುವೆಯ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಕ್ಯಾಮೆರಾದ ಕಾರ್ಡ್ ಆಗಲೇ ಅಳಿಸಿದ್ದೆ. ಮದುವೆಯಾದ ವಾರಕ್ಕೆ ಹುಡುಗಿಯ ಅಜ್ಜ ತೀರಿಕೊಂಡಿದ್ದರು. ಆ ಮನೆಯವರಿಗೆ ಏನು ಹೇಳಲಿ? ಸಿಪಿಯು ಡಬ್ಬಿಯನ್ನು ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಸಿಂದಗಿಗೆ ಬಸ್ಸಿನಲ್ಲಿ ಹೋದೆ.

“ಏನ್ ಬದಲ್ ಮಾಡೀರಿ?”

“ಗೊತ್ತಿಲ್ರೀ ಅಕ್ಕೋರ.”

“ಗೊತ್ತಿಲ್ಲಂದ್ರ ಸೇವ್ ಯಾಕ ಒತ್ತಿದ್ರಿ? ಹಾಳಿ ತಗೋರಿ, ಬರೀರಿ.”

ಪರದೆಯ ಒಂದೊಂದೇ ಸಾಲನ್ನು ಅವರು ಓದಿದರು, ನಾನು ಬರೆದೆ. ತಾರೀಖು, ಫ್ಯಾನು, ಎಲ್ಲ. “ಡಿಸ್ಕಿಂದು ಮೊದಲ ನೋಡ್ರಿ” ಎಂದು ಗೋಗರೆದೆ.

“ನಿಮಗ ಅವಸರ ಐತಿ, ನನಗ ಅಂಜಿಕಿ ಐತಿ” ಅಂದರು. ಹಿಂದೊಮ್ಮೆ ಅವಸರದಲ್ಲಿ ಬಯಾಸನ್ನೇ ಹೊಸದು ಮಾಡಲು ಹೋದಾಗ ನಡುವೆ ಕರೆಂಟ್ ಹೋಗಿ, ಒಬ್ಬರ ಯಂತ್ರ ಮತ್ತೆ ಏಳಲೇ ಇಲ್ಲವಂತೆ. ಅಂದಿನಿಂದ ಈ ನಡುಕ.

ಡಿಸ್ಕಿನ ಸಾಲು ಬಂದಾಗ ಅದೊಂದನ್ನೇ ಬದಲಿಸಿ, ನನ್ನ ಹಾಳೆಯಲ್ಲೂ ತಿದ್ದಿಸಿದರು. ಉಳಿಸಲೋ ಬೇಡವೋ ಎಂದು ಪರದೆ ಕೇಳಿತು. ಅಕ್ಕೋರು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

“ನೀವ ಒತ್ರಿ. ಮಷೀನ್ ನಿಮ್ಮದು.”

ಒತ್ತಿದ ನನ್ನ ಬೆರಳೂ ನಡುಗುತ್ತಿತ್ತು. ಡಿಸ್ಕ್ ಸಿಕ್ಕಿ, ಮದುವೆಯ ಫೋಟೋದಲ್ಲಿ ಆ ಅಜ್ಜ ಪರದೆಯ ಮೇಲೆ ಬಂದಾಗ ನಾಚಿಕೆಯಿಲ್ಲದೆ ಅತ್ತುಬಿಟ್ಟೆ. “ಆ ಹಾಳಿ ಡಬ್ಬಿಗೆ ಹಚ್ರಿ. ಫೋಟೋ ಎರಡ ಕಡಿ ಇಡ್ರಿ” ಎಂದು ಅಕ್ಕೋರು ಚಹಾ ತರಿಸಿದರು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಅವರು ಮೋರಟಗಿಗೆ ನೆಂಟರ ಮನೆಗೆ ಬಂದಾಗ. ಹಾಗೇ ನನ್ನಲ್ಲಿ ಬಂದು ಒಂದು ಫೋಟೋ ತೆಗೆಸಿಕೊಂಡರು. ಕ್ಲಿಕ್ ಮಾಡುವ ಮುಂಚೆ ಕೇಳಿದರು: “ಎರಡ ಕಡಿ ಇಡ್ತೀರಿಲ್ಲ?”

“ಹೂನ್ರಿ” ಎಂದೆ. ಒಂದೇ ಫೋಟೋ ತಾನೇ ಎಂದು ಇಡಲಿಲ್ಲ.

ಹೋದ ತಿಂಗಳು ಅಕ್ಕೋರು ತೀರಿಕೊಂಡರು. ಮಗಳು ಬಂದು, “ಅವ್ವಂದು ಒಂದೂ ಚಲೋ ಫೋಟೋ ಇಲ್ರಿ. ನಿಮ್ಮಲ್ಲಿ ಐತಂತ” ಅಂದಳು. ಕಂಪ್ಯೂಟರ್ ಹಚ್ಚಿದೆ. ಡಿಸ್ಕ್ ಇಲ್ಲ! ಬೋರ್ಡಿನ ಗುಂಡು ಸೆಲ್ ಮುಗಿದು ಬಯಾಸ್ ಎಲ್ಲವನ್ನೂ ಮರೆತಿತ್ತು. ಹೊಸ ಸೆಲ್ ಹಾಕಿ, ಡಬ್ಬಿಗೆ ಅಂಟಿಸಿದ್ದ ಹಾಳೆ ನೋಡುತ್ತ ಒಂದೊಂದೇ ಸಾಲು ಸರಿಮಾಡಿದೆ. ತಾರೀಖು, ಫ್ಯಾನು, ಎಲ್ಲ. ಅವಸರ ಮಾಡಲಿಲ್ಲ. ಉಳಿಸಲೋ ಬೇಡವೋ ಎಂದು ಪರದೆ ಕೇಳಿದಾಗ ‘ಒತ್ರಿ’ ಅನ್ನುವವರು ಪಕ್ಕದಲ್ಲಿರಲಿಲ್ಲ. ನಡುಗುವ ಬೆರಳಿನಲ್ಲೇ ಒತ್ತಿದೆ.

ಅಕ್ಕೋರು ಪರದೆಯ ಮೇಲೆ ಬಂದರು. ಸೆರಗಿನಡಿ ಕೈ ಮುಚ್ಚಿಕೊಂಡು, ನಾನು ಸುಳ್ಳು ಹೇಳಿದ್ದು ಗೊತ್ತಾದವರ ಹಾಗೆ ನೋಡುತ್ತಿದ್ದರು. ಮಗಳಿಗೆ ತೋರಿಸುವ ಮೊದಲು ಅವರನ್ನು ಎರಡು ಕಡೆ ಇಟ್ಟೆ.