ಹಗೇವಿನ ಮೇಲಿನ ಕುಂಬಳಬಳ್ಳಿ

ತೊಗರ್ಸಿಯ ಹಾಲಮ್ಮ ಸುಗ್ಗಿಯಲ್ಲಿ ಜೋಳ ಕೊಂಡು ಇಟ್ಟು, ಮಳೆಗಾಲ ಕಳೆದ ಮೇಲೆ ಮಾರುವವಳು. ಗಂಡ ತೀರಿಕೊಂಡ ವರ್ಷ ಎರಡು ಚೀಲದಿಂದ ಹಿಡಿದ ಕೆಲಸ. ಈಗ ಮನೆಯ ಹಿಂದಿನ ದಿಬ್ಬದ ಮೇಲೆ ಅವಳವೇ ಎರಡು ಹಗೇವುಗಳಿದ್ದವು. ಹಗೇವೆಂದರೆ ನೆಲದೊಳಗಿನ ಕಣಜ. ಆಳುದ್ದದ ಗುಂಡಿ, ಒಳಗೋಡೆಗೆಲ್ಲ ಹುಲ್ಲಿನ ಹಗ್ಗದ ಸುತ್ತು, ಮೇಲೆ ಒಬ್ಬ ಇಳಿಯುವಷ್ಟೇ ಬಾಯಿ. ಕಾಳು ತುಂಬಿ, ಚಪ್ಪಡಿ ಎಳೆದು, ಸಗಣಿ ಕಲಸಿದ ಮಣ್ಣು ಮೆತ್ತಿಬಿಟ್ಟರೆ ಒಳಗೆ ಹುಳುವಿಗೂ ಉಸಿರಿಲ್ಲ. ಆದರೆ ಮಳೆಗಾಲದಲ್ಲಿ ಬಾಯಿ ತೆರೆದರೆ ಮುಗಿಯಿತು. ತೇವದ ಗಾಳಿ ಕಂಡ ಕಾಳನ್ನು ಪೂರ್ತಿ ಎತ್ತಲೇಬೇಕು, ಇಲ್ಲವಾದರೆ ಕಾವು ಹಿಡಿದು ಮುಗ್ಗುತ್ತದೆ.

ಹಾಲಮ್ಮನದೊಂದು ಪದ್ಧತಿಯಿತ್ತು. ಬಾಯಿ ಮುಚ್ಚಿದ ದಿನವೇ ತೆರೆಯುವ ದಿನವನ್ನೂ ಗೊತ್ತು ಮಾಡಿಬಿಡುವಳು: ಮಹಾನವಮಿ ಕಳೆದ ಮಾರನೇ ದಿನ. ಮೊದಲ ಮಳೆ ಬಿದ್ದೊಡನೆ ಹಗೇವಿನ ಪಕ್ಕದಲ್ಲಿ ಕುಂಬಳದ ಬೀಜ ಊರಿ, ಬಳ್ಳಿಯನ್ನು ಚಪ್ಪಡಿಯ ಮೇಲೆ ಹಬ್ಬಿಸುವಳು. ಕಾಯಿ ಬಲಿಯುವ ತನಕ ಚಪ್ಪಡಿ ಎತ್ತುವ ಮಾತಿಲ್ಲ. ಶಿಕಾರಿಪುರದ ಸಂತೆಯಿಂದ ಬಂದವರು ಧಾರಣೆ ಏರಿತು, ಇಳಿಯಿತು ಎಂದರೆ ಅವಳ ಉತ್ತರ ಒಂದೇ. “ಬಳ್ಳಿಯಾಗೆ ಇನ್ನೂ ಹೂವೈತಿ.” ಹೀಗೆ ಮಾಡಿಯೂ ಒಂದೆರಡು ವರ್ಷ ಕೈ ಸುಟ್ಟಿದ್ದುಂಟು. ಉಳಿದ ವರ್ಷಗಳು ಅದನ್ನು ತುಂಬಿಕೊಟ್ಟಿದ್ದವು.

ಹೊಸ ಪೈಸೆ ಬಂದ ಮರುವರ್ಷ ತಂಗಿ ಹೂವಮ್ಮನ ಗಂಡ ರಾಜಪ್ಪ ಕುಬಟೂರಿನಿಂದ ಬಂದು, “ಒಂದು ಹಗೇವು ನಂಗೆ ಬಿಟ್ಟುಕೊಡಿ ಅಕ್ಕ, ನಾನೂ ಜೋಳ ತುಂಬ್ತೀನಿ” ಎಂದ. ಕೊಟ್ಟಳು. ಮಳೆ ಹಿಡಿದಾಗ, “ನಿನ್ನದಕ್ಕೂ ಎರಡು ಬೀಜ ಊರ್ಲೇನು?” ಎಂದು ಕೇಳಿದಳು.

“ಅಲ್ರೀ ಅಕ್ಕ, ನಾನು ದುಡ್ಡು ಹಾಕಿರೋದು ಜೋಳಕ್ಕೆ. ಕುಂಬಳಕಾಯಿ ಪಲ್ಯಕ್ಕಲ್ಲ.”

ಶ್ರಾವಣದಲ್ಲಿ ಸಂತೆಯ ತುಂಬ ಒಂದು ಸುದ್ದಿ ಹಬ್ಬಿತು: ಸರ್ಕಾರದ ಗೋಧಿ ಬರುತ್ತದಂತೆ, ಜೋಳ ಕೇಳುವವರಿರುವುದಿಲ್ಲವಂತೆ. ಧಾರಣೆ ಜಾರಿತು. ರಾಜಪ್ಪ ಸಂತೆ ತಪ್ಪಿಸದೆ ಹೋಗುವನು, ಸುದ್ದಿ ಹೊತ್ತು ನೇರ ತೊಗರ್ಸಿಗೆ ಬರುವನು, ಈದ ಎಮ್ಮೆ ಕರುವಿನ ಸುತ್ತ ತಿರುಗಿದಂತೆ ಹಗೇವನ್ನು ಸುತ್ತುವನು. ಊಟಕ್ಕೆ ಕೂತರೆ ತುತ್ತು ಇಳಿಯದು.

ಒಂದು ಮಧ್ಯಾಹ್ನ ಮಳೆ ಬಿಡುವು ಕೊಟ್ಟಿತ್ತು. ಹಾಲಮ್ಮ ಗುಡಿಯ ಮಲ್ಲಿಕಾರ್ಜುನನಿಗೆ ಹೂವು ಕೊಟ್ಟು ಬರುವಷ್ಟರಲ್ಲಿ ರಾಜಪ್ಪ ತನ್ನ ಹಗೇವಿನ ಚಪ್ಪಡಿ ಸರಿಸಿ, ಪಕ್ಕದಲ್ಲಿ ಹಿಡಿ ಜೋಳ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ.

“ತಲೆ ಒಳಗೆ ಹಾಕಿದ್ಯೇನು?” ಅವಳು ಮೊದಲು ಕೇಳಿದ್ದು ಅದನ್ನೇ. ಹಗೇವಿನ ವಿಷಗಾಳಿಗೆ ಸತ್ತವರನ್ನು ಅವಳು ನೋಡಿದ್ದಳು.

“ಇಲ್ಲ. ಕೈ ಅಷ್ಟೇ. ನೀರು ಇಳಿದೈತೇನೋ ಅಂತ...”

“ಸದ್ಯ, ನಮ್ಮ ಹೂವಮ್ಮಂಗೆ ಗಂಡ ಉಳಿದ. ನೀರು ಇಳಿದಿತ್ತೇನು?”

“ಇಲ್ಲ. ಕಾಳು ಗಣಗಣ ಅಂತೈತೆ.”

“ಈಗ ಇಳೀತದೆ. ರಾಜಪ್ಪನೋರೇ, ಬರ್ರಿ, ಜಗಲಿ ಮೇಲೆ ಕೂತ್ಕೊಳ್ರಿ.”

ಹಾಲಮ್ಮ ಬಹುವಚನ ಹಚ್ಚಿದಳೆಂದರೆ ಸಿಟ್ಟು ನೆತ್ತಿಗೇರಿದೆ ಎಂದೇ ಅರ್ಥ. ರಾಜಪ್ಪ ತಲೆ ತಗ್ಗಿಸಿ ಕೂತು ಎಲ್ಲ ಹೇಳಿದ. ಜೋಳಕ್ಕೆ ಹಾಕಿದ್ದು ಮನೆಯ ದುಡ್ಡಲ್ಲ. ಹೂವಮ್ಮನ ಕೊರಳಿನ ಚಿನ್ನದ ಅಡ್ಡಿಕೆಯನ್ನು ಸೊರಬದ ಸಾಹುಕಾರನಲ್ಲಿ ಒತ್ತೆಯಿಟ್ಟು ತಂದದ್ದು, ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿ. ಗೌರಿ ಹಬ್ಬಕ್ಕೆ ಕೊರಳಿಗೆ ಹಾಕುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ. ಹಬ್ಬಕ್ಕೆ ಇನ್ನು ತಿಂಗಳೂ ಇರಲಿಲ್ಲ.

ಹಾಲಮ್ಮ ತೆರೆದ ಹಗೇವಿನತ್ತ ಕೈ ತೋರಿದಳು. “ಹಗೇವಿನಾಗೆ ಕಾಳು ಮಲಗ್ತದೆ. ಬಡ್ಡಿ ಮಲಗಲ್ಲ. ಬಡ್ಡಿ ದುಡ್ಡು ಹೂಳಿದೋನಿಗೆ ನಿದ್ದಿ ಬರಲ್ಲ, ನಿದ್ದಿಗೆಟ್ಟೋನು ಚಪ್ಪಡಿ ಎತ್ತದೆ ಬಿಡಲ್ಲ. ತಪ್ಪು ಇವತ್ತು ಮಾಡಿದ್ದಲ್ಲ, ಸುಗ್ಗಿಯಾಗೇ ಮಾಡಿದ್ದು.”

“ಧಾರಣೆ ಇನ್ನೂ ಬೀಳತ್ತಂತ್ರೀ ಅಕ್ಕ. ನಿಮ್ಮದನ್ನೂ ತೆಗೆದುಬಿಡಿ.”

ಅವಳ ಎದೆಯೂ ಒಂದು ಸಲ ಹೊಡೆದುಕೊಂಡಿತು, ಸುಳ್ಳು ಹೇಳಬಾರದು. ಗೋಧಿ ನಿಜವಾಗಿ ಬಂದರೆ? ಎದ್ದು ಹೋಗಿ ಬಳ್ಳಿಯ ಮುಂದೆ ನಿಂತಳು. ಈ ಕಾಳಿನ ಮೇಲೆ ಯಾರಿಗಾದರೂ ಬಡ್ಡಿ ಕಟ್ಟಬೇಕೆ? ಇಲ್ಲ. ನವಮಿಯವರೆಗೆ ಮನೆಗೆ ಇದರ ದುಡ್ಡು ಬೇಕೆ? ಬೇಡ. ಹಾಗಾದರೆ ಗೊತ್ತು ಮಾಡಿದ ದಿನ ಯಾಕೆ ಬದಲಾಗಬೇಕು? ಒಂದು ಎಲೆ ಸರಿಸಿ ನೋಡಿದಳು. ಮುಷ್ಟಿ ಗಾತ್ರದ ಹೀಚು ಕಂಡಿತು. ಎದೆ ತಾನಾಗಿ ನಿಧಾನವಾಯಿತು.

ಆಮೇಲೆ ಕೆಲಸ ನಡೆಯಿತು. ಗಾಡಿಯ ಗುಡ್ಡಪ್ಪನನ್ನು ಕರೆಸಿದಳು. ರಾಜಪ್ಪನ ಹಗೇವಿನೊಳಗೆ ಹಗ್ಗ ಕಟ್ಟಿ ದೀಪ ಇಳಿಸಿದರು. ಮೊದಲ ಸಲ ಆರಿತು. ಕಾದು ಮತ್ತೆ ಇಳಿಸಿದಾಗ ಉರಿಯಿತು. ಆಮೇಲೇ ಆಳು ಇಳಿದ. ಕತ್ತಲಾಗುವಷ್ಟರಲ್ಲಿ ಜೋಳವೆಲ್ಲ ನಡುಮನೆಯಲ್ಲಿತ್ತು.

“ನಾಳೆ ಎಲ್ಲಾನೂ ಶಿಕಾರಿಪುರಕ್ಕೆ ಹಾಕಿಬಿಡೋಣ” ಎಂದ ರಾಜಪ್ಪ.

“ಅಡ್ಡಿಕಿ ಬಿಡಿಸೋಕೆ ಎಷ್ಟು ಬೇಕೋ ಅಷ್ಟೇ. ಬಡ್ಡಿ ಬಾಯಿ ಮೊದಲು ಮುಚ್ಚಲಿ. ಉಳಿದಿದ್ದು ಇಲ್ಲೇ ಇರ್ಲಿ. ನಾಟಿ ಕಾಲ, ಆಳುಗಳಿಗೆ ಹಾಕೋಕೆ ಮನೆಮನೆಯವರಿಗೂ ಕಾಳು ಬೇಕು. ಸಂತೆಯಾಗೆ ಚೀಲಕ್ಕೆ ದಲ್ಲಾಳಿ ಬೆಲೆ ಕಟ್ತಾನೆ. ಬಾಗಿಲಾಗೆ ಸೇರಿಗೆ ನಾವು ಕಟ್ಟೋದು.”

“ದಿನಾ ಸೇರು ಹಿಡ್ಕೊಂಡು ಅಳೆಯೋರು ಯಾರು?”

“ಚಪ್ಪಡಿ ಎತ್ತಿದೋರು.”

ರಾಜಪ್ಪ ತೊಗರ್ಸಿಯಲ್ಲೇ ನಿಂತು ಅಳೆದ. ಕೊಳ್ಳಲು ಬಂದ ಹೆಂಗಸರು, “ಏನ್ರೀ ಕುಬಟೂರಿನ ಸಾಹುಕಾರ್ರೇ, ತುಸು ಒತ್ತಿ ಅಳೀರಿ” ಎಂದು ನಗುತ್ತಿದ್ದರು. ಕೊನೆಗೆ ನೋಡಿದರೆ ಲಾಭವಿಲ್ಲ, ಕೈಯಿಂದ ಹೋದದ್ದೂ ಇಲ್ಲ. ರಾತ್ರಿ ಮಾತ್ರ ಚೆನ್ನಾಗಿ ಗೊರಕೆ ಹೊಡೆಯುತ್ತಿದ್ದ.

ಗೌರಿ ಹಬ್ಬ ಕಳೆದ ಮರುವಾರ ಗಂಡಹೆಂಡಿರು ಬಂದರು. ಹೂವಮ್ಮನ ಕೊರಳಲ್ಲಿ ಅಡ್ಡಿಕೆಯಿತ್ತು. ಗೋಧಿಯ ಸುದ್ದಿ ತಣ್ಣಗಾಗಿ, ಧಾರಣೆ ಮೊದಲಿಗಿಂತ ತುಸು ಮೇಲೇ ಹೋಗಿತ್ತು. ರಾಜಪ್ಪ ಬಳ್ಳಿಯ ಹತ್ತಿರ ನಿಂತು ನಿಟ್ಟುಸಿರುಬಿಟ್ಟ.

“ನಮ್ಮದೂ ಹಂಗೇ ಇದ್ದಿದ್ರೆ...”

“ಇದ್ದಿದ್ರೆ ಹಬ್ಬದಾಗೆ ನನ್ನ ಕೊರಳು ಬೋಳಾಗಿರ್ತಿತ್ತು” ಎಂದಳು ಹೂವಮ್ಮ.

“ಈಗ ಏರೈತಲ್ರೀ ಅಕ್ಕ, ತೆಗೆದುಬಿಡಿ.”

“ಬಿದ್ದಾಗ ತೆಗೀದೋಳು ಏರಿದಾಗ ಯಾಕೆ ತೆಗೀಲಿ? ಕಾಯಿ ಇನ್ನೂ ಹಸಿರೈತಿ.”

ರಾಜಪ್ಪ ಕಾಯಿಯನ್ನು ಬೆರಳಿನಿಂದ ತಟ್ಟಿ ನೋಡಿದ. “ಮುಂದಿನ ಸುಗ್ಗಿಗೆ ಮನೆ ದುಡ್ಡಿಂದ ಎರಡೇ ಚೀಲ ಹಾಕ್ತೀನಿ. ಒಂದೆರಡು ಬೀಜ ಕೊಡ್ತೀರೇನು?”

“ಬೀಜಕ್ಕೂ ಕಾಯಿ ಬಲೀಬೇಕಲ್ಲೋ ರಾಜಪ್ಪ” ಎಂದಳು ಹಾಲಮ್ಮ. “ನವಮಿ ಕಳೀಲಿ, ಬಾ.”