ಇಬ್ಬನಿಯಲ್ಲಿ ನಿಂತಿದ್ದ ಲಾರಿ

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಹತ್ತು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದವನು ನಾನು. ಗಾಡಿ ನಿಂತರೆ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ನಂಬಿದ್ದೆ. ಈಗ ಹೇಳಹೊರಟಿರುವುದಕ್ಕೆ ಮಾತ್ರ ಕಾರಣ ಸಿಕ್ಕಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಸೂಲಿಬೆಲೆಯ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಗೌರಿ ಹೆಣ್ಣುಕೂಸು ಹೆತ್ತು, ಮೂರನೆಯ ದಿನ ತೀರಿಕೊಂಡಳು. ನಾನು ಅಳಲಿಲ್ಲ. ತಿಥಿಯ ದಿನವೂ ಅಳು ಬರಲಿಲ್ಲ. ಮುದ್ದೆ ಬಡಿಸಿದರೆ ಉಣ್ಣುತ್ತಿದ್ದೆ, ಬಡಿಸದಿದ್ದರೆ ಕೇಳುತ್ತಿರಲಿಲ್ಲ. ಪೆಟ್ರೋಲ್ ಸಿಗದ ಆ ಕಾಲದಲ್ಲಿ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸುಗಳ ರಿಪೇರಿ ಕೆಲಸ ಬಿಟ್ಟೆ. ಬೂದಿಗೆರೆಯಲ್ಲಿದ್ದ ನನ್ನ ಸೋದರಮಾವ ಚಿಕ್ಕಣ್ಣ ಕೂಸನ್ನು ತಮ್ಮ ಮನೆಗೆ ಕರೆದೊಯ್ದರು. ಅಲ್ಲಿಯವರೆಗೆ ಅದನ್ನು ನಾನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಮಾವ ಬಂದರು. ಮಿಲಿಟರಿಯವರು ಮಾರಿದ ಹಳೇ ಲಾರಿಗಳನ್ನು ಯಾರೋ ತಂದು ಹೊಸಕೋಟೆಯ ಹತ್ತಿರ ಒಂದು ಹೊಂಗೆ ತೋಪಿನಲ್ಲಿ ನಿಲ್ಲಿಸಿದ್ದರು.

“ಅಗ್ಗದ್ದು ಒಂದು ನೋಡ್ಕೋ. ರಿಪೇರಿ ಮಾಡ್ಕೊಂಡು ಓಡ್ಸು. ಹಿಂಗೇ ಕುಂತಿದ್ರೆ ಕೂಸನ್ನ ನಾವೇ ಸಾಕ್ಕೊಂತೀವಿ. ಆಮೇಲೆ ನಾನು ಅಪ್ಪ ಅಂತ ಬಂದು ನಿಲ್ಬೇಡ,” ಎಂದರು. ನಾನು ಅಂಗಿ ಹಾಕಿಕೊಂಡು ಹೊರಟೆ.

ಕಾರ್ತಿಕದ ಬೆಳಗು. ಇನ್ನೂ ಬಿಸಿಲು ಬಿದ್ದಿರಲಿಲ್ಲ. ಏಳು ಲಾರಿಗಳು ಇಬ್ಬನಿಯಲ್ಲಿ ನೆನೆದು ನಿಂತಿದ್ದವು. ಕಾವಲಿಗಿದ್ದ ಮುದುಕ ಬಾಷಾ ಸಾಬರು ಮೂರನೆಯದಕ್ಕೆ ಹ್ಯಾಂಡಲ್ ಹಾಕಿ ತಿರುಗಿಸಿದರು. ಎರಡೇ ಸುತ್ತಿಗೆ ಹತ್ತಿಕೊಂಡಿತು. ಟೈರೂ ಚೆನ್ನಾಗಿತ್ತು. ಮಾವನಿಗೆ ಸಮಾಧಾನವಾಯಿತು. ನಾನು ಸುಮ್ಮನೆ ಸಾಲಿನ ಕೊನೆಯವರೆಗೆ ನಡೆದೆ.

ಕೊನೆಯ ಲಾರಿಗೆ ಬ್ಯಾಟರಿ ಇರಲಿಲ್ಲ. ಟೈರುಗಳು ನೆಲ ಕಚ್ಚಿದ್ದವು, ಚಕ್ರದ ಸಂದಿಯಲ್ಲಿ ಹುಲ್ಲು ಬೆಳೆದಿತ್ತು. ಬಗ್ಗಿ ನೋಡಲು ಬಾನೆಟ್ ಮೇಲೆ ಬಲಗೈ ಊರಿದೆ. ಬಿಸಿಯಾಗಿತ್ತು. ಘಾಟಿ ಹತ್ತಿ ಬಂದ ಇಂಜಿನ್ ಹೇಗಿರುತ್ತದೋ ಹಾಗೆ. ಕೈ ತೆಗೆಯಬೇಕೆಂದು ನನಗೆ ತೋಚಲಿಲ್ಲ.

“ಏನಪ್ಪಾ, ಅಲ್ಲೇ ನಿಂತ್ಬಿಟ್ಟೆ?”

“ಇಂಜಿನ್ ಬಿಸಿ ಐತೆ ಮಾವ.”

ಮಾವ ಬಂದು ಪಕ್ಕದಲ್ಲೇ ಕೈಯಿಟ್ಟರು. “ತಣ್ಣಗೆ ಕೊರೀತೈತಲ್ಲೋ!” ಎಂದು ಅಂಗೈ ತೋರಿಸಿದರು. ಇಬ್ಬನಿಯಿಂದ ಒದ್ದೆಯಾಗಿತ್ತು. ನನ್ನ ಅಂಗೈ ಕೆಂಪಗೆ ಬೆಂದಿತ್ತು. ನಾವು ನೋಡುತ್ತಿದ್ದಂತೆ ಬೊಬ್ಬೆ ಎದ್ದಿತು.

ಬಾಷಾ ಸಾಬರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. “ಮಳೆಗಾಲಕ್ಕಿಂತ ಮುಂಚೆ ಎತ್ತು ಕಟ್ಟಿ ಎಳ್ಕೊಂಡು ಬಂದಿದ್ದು ಇದು. ಇದನ್ನ ಬಿಡಿ ಮಿಸ್ತ್ರಿ,” ಎಂದರು.

ನಾನು ಅದನ್ನೇ ತೆಗೆದುಕೊಂಡೆ. ಯಾಕೆಂದು ಮಾವ ದಾರಿಯುದ್ದಕ್ಕೂ ಬೈದರು. ಎರಡು ತಿಂಗಳಲ್ಲಿ ನನ್ನ ಮೈಗೆ ಗೊತ್ತಾಗಿದ್ದು ಆ ಬಿಸಿ ಒಂದೇ.

ಎತ್ತು ಕಟ್ಟಿ ಮನೆಗೆ ಎಳೆತಂದು ಬಿಚ್ಚಿದೆ. ಪಿಸ್ಟನ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ವಾರಗಟ್ಟಲೆ ಸೀಮೆಎಣ್ಣೆ ಸುರಿದು, ಮರದ ತುಂಡು ಇಟ್ಟು ಬಡಿದು ಬಿಡಿಸಬೇಕಾಯಿತು. ಅದು ಹಿಂದಿನ ದಿನ ಇರಲಿ, ಹಿಂದಿನ ವರ್ಷವೂ ಓಡಿದ ಇಂಜಿನ್ ಅಲ್ಲ. ಬಿಸಿಲೆನ್ನೋಣವೆಂದರೆ ಬಿಸಿಲಿರಲಿಲ್ಲ. ನನ್ನ ಭ್ರಮೆಯೆನ್ನೋಣವೆಂದರೆ ಆಸ್ಪತ್ರೆಯ ಕಾಂಪೌಂಡರ್ ಸುಟ್ಟಗಾಯವೆಂದೇ ಮುಲಾಮು ಹಚ್ಚಿದ್ದರು.

ಲಾರಿ ಸಿದ್ಧವಾಗುವಷ್ಟರಲ್ಲಿ ಮುಂದಿನ ಶ್ರಾವಣ ಬಂದಿತ್ತು. ಪೂಜೆಯ ದಿನ ಮಾವ ಕೂಸನ್ನು ಕರೆತಂದು ಮಡ್‌ಗಾರ್ಡ್ ಮೇಲೆ ಕೂರಿಸಿ ಹಿಡಿದುಕೊಂಡರು. ಅದು ಬಾನೆಟ್ ಕಡೆಗೆ ಕೈ ಚಾಚಿತು. ನಾನು ಎಲ್ಲಿದ್ದೆನೋ, ಹೇಗೆ ಓಡಿದೆನೋ, ಕೂಸನ್ನು ಮಾವನ ಕೈಯಿಂದ ಕಿತ್ತು ಮೊದಲ ಸಲ ಎತ್ತಿಕೊಂಡೆ.

“ಯಾಕ್ಲಾ? ಇನ್ನೂ ಸ್ಟಾರ್ಟೇ ಮಾಡಿಲ್ವಲ್ಲ!” ಎಂದರು ಮಾವ.

ಕೂಸು ಬೆಚ್ಚಿ ಕಿರುಚಿಕೊಂಡಿತು. ಅದನ್ನು ಹೆಗಲಿಗೆ ಒತ್ತಿಕೊಂಡೇ ಬಾನೆಟ್ ಮುಟ್ಟಿ ನೋಡಿದೆ. ತಣ್ಣಗಿತ್ತು. ಆಮೇಲೆ ಒಂಬತ್ತು ವರ್ಷ ಆ ಲಾರಿಯನ್ನು ಓಡಿಸಿದೆ. ಎಷ್ಟೋ ದಿನ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಯಾರಿಗೂ ಕಾಣದಂತೆ ಕೈಯಿಟ್ಟು ಕಾದು ನಿಂತಿದ್ದೇನೆ. ಮತ್ತೆಂದೂ ಹಾಗಾಗಲಿಲ್ಲ.