ಕೇಳದೆ ಮುಚ್ಚಿಕೊಂಡ ಫೈಲು

ಅಥವಾ ಆ ಹೆಸರನ್ನು ಅಳಿಸಿದಾಗ ಅಮ್ಮ ಊಟದ ಮೇಜಿನ ಹತ್ತಿರ ಕೂತಿರಲಿಲ್ಲವೇನೋ. ನೆನಪಿನಲ್ಲಿ ಅಲ್ಲೇ ಕೂತಂತೆ ಕಾಣುತ್ತದೆ, ಆದರೆ ಆ ಮೇಜು ಮನೆಗೆ ಬಂದದ್ದು ತಂಗಿಯ ಮದುವೆಯಾದ ಮೇಲೆ. ಹಾಗಾದರೆ ಲ್ಯಾಪ್‌ಟಾಪ್ ಎಲ್ಲಿತ್ತು? ಬನಶಂಕರಿಯ ನಮ್ಮ ಮನೆಯಲ್ಲೇ ಎಲ್ಲೋ ಇತ್ತು.

ತಂಗಿಯ ಮದುವೆಗೆ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯಬೇಕಾದವರ ಪಟ್ಟಿಯನ್ನು ನಾನು ಎಕ್ಸೆಲ್‌ನಲ್ಲಿ ಮಾಡಿದ್ದೆ. ಅಪ್ಪ ಹೆಸರು ಸೇರಿಸುತ್ತಿದ್ದರು. ಮುಚ್ಚುವಾಗ ಉಳಿಸಬೇಕೇ ಎಂದು ಅದು ಕೇಳಿದರೆ ಗಾಬರಿಯಾಗಿ ಬೇಡ ಎಂದು ಒತ್ತುತ್ತಿದ್ದರು. ಇಡೀ ಒಂದು ಬಡಾವಣೆಯ ಹೆಸರುಗಳು ಹಾಗೆ ಹೋದ ಮೇಲೆ ನಾನೊಂದು ಮ್ಯಾಕ್ರೊ ಬರೆದೆ. ಫೈಲು ಮುಚ್ಚುವಾಗ ಏನೂ ಕೇಳದೆ ತಾನೇ ಉಳಿಸಿಕೊಳ್ಳಲಿ ಎಂದು.

ಪದ್ಮನಾಭನಗರದ ಸೋದರಮಾವನನ್ನು ಕರೆಯುವುದೋ ಬಿಡುವುದೋ ಆಗಿನ್ನೂ ತೀರ್ಮಾನವಾಗಿರಲಿಲ್ಲ. ಅಜ್ಜಿ ತೀರಿಕೊಂಡಾಗ ಆಸ್ಪತ್ರೆಯಲ್ಲಿ ಜಗಳವಾಗಿ, ಅವನಿಗೂ ಅಮ್ಮನಿಗೂ ಮಾತು ನಿಂತಿತ್ತು. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವನು ಅವನೇ. ತಂಗಿ ದಿನಾ ಕೇಳುತ್ತಿದ್ದಳು. ಅಮ್ಮ ದಿನಾ ನೋಡೋಣ ಎನ್ನುತ್ತಿದ್ದರು.

ಒಂದು ಸಂಜೆ ಅಮ್ಮ, “ಅವನ ಹೆಸ್ರು ತೆಗೆದ್ರೆ ಹೇಗ್ ಕಾಣುತ್ತೆ ಅಂತ ನೋಡ್ತೀನಿ, ಅಷ್ಟೇ,” ಎಂದರು. ಆ ಸಾಲನ್ನು ಅಳಿಸಿದರು. ಸ್ವಲ್ಪ ಹೊತ್ತು ನೋಡಿದರು. ಫೈಲು ಮುಚ್ಚಿದರು. ಅದು ಏನೂ ಕೇಳಲಿಲ್ಲ.

ಮರುದಿನದ ಪ್ರಿಂಟಿನಲ್ಲಿ ಮಾವನ ಹೆಸರಿರಲಿಲ್ಲ. ತಂಗಿ ಓದಿ, “ಓ, ಡಿಸೈಡ್ ಆಯ್ತಾ? ನಂಗೂ ಒಂದ್ಮಾತು ಹೇಳ್ಬಹುದಿತ್ತು,” ಎಂದಳು. ಅಮ್ಮ ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅಪ್ಪ ಹಾಳೆಯನ್ನು ಮಡಚಿ ಜೇಬಿಗಿಟ್ಟರು. ನಾನು ಒಂದು ಸಾಲನ್ನು ಮತ್ತೆ ಟೈಪ್ ಮಾಡಬಹುದಿತ್ತು. ಮಾಡಲಿಲ್ಲ. ಬೇಸರವಾಯಿತೆಂದು ಬರೆದರೆ ಸುಳ್ಳಾಗುತ್ತದೆ, ಸಮಾಧಾನವೂ ಆಗಲಿಲ್ಲ. ಪ್ರಿಂಟರಿನಲ್ಲಿ ಇಂಕು ಕಡಿಮೆಯಾಗಿತ್ತು, ಅದನ್ನು ಗಮನಿಸಿದೆ.

ಕರೆಯಲು ಹೊರಟ ದಿನ ಕತ್ರಿಗುಪ್ಪೆಯ ಮನೆಗಳನ್ನು ಮುಗಿಸಿ ಪದ್ಮನಾಭನಗರಕ್ಕೆ ಹೋದೆವು. ಅಪ್ಪನ ಹಳೆಯ ಸಹೋದ್ಯೋಗಿಯೊಬ್ಬರ ಮನೆ ಮಾವನ ಮನೆಯ ಹಿಂದಿನ ರಸ್ತೆಯಲ್ಲಿತ್ತು. ಆ ಮನೆಯಾಕೆ ಬರ್ಫಿ ಕೊಡುತ್ತಾ, “ನಿಮ್ ತಮ್ಮ ಇಲ್ಲೇ ಅಲ್ವಾ? ಸೋದರಮಾವಂಗೆ ಈಗ ಕೈತುಂಬ ಕೆಲಸ,” ಎಂದು ನಕ್ಕರು.

“ಹೂಂ, ಪುರುಸೊತ್ತೇ ಇಲ್ಲ ಅವನಿಗೆ,” ಎಂದರು ಅಮ್ಮ. ಬರ್ಫಿ ತಿಂದರು.

ತಂಗಿಯನ್ನು ಮಂಟಪಕ್ಕೆ ಕರೆತಂದದ್ದು ಅಮ್ಮನ ಚಿಕ್ಕಪ್ಪನ ಮಗ. ಮಾವ ಬರಲಿಲ್ಲ, ಫೋನೂ ಮಾಡಲಿಲ್ಲ.

ಮ್ಯಾಕ್ರೊ ಹಾಕಿದ ದಿನ, ಇನ್ನು ಇದು ಕೇಳುವುದಿಲ್ಲ, ಮುಚ್ಚಿದರೆ ಮುಗಿಯಿತು ಎಂದು ಅಪ್ಪನಿಗೆ ಹೇಳಿಕೊಟ್ಟಿದ್ದೆ. ಅಮ್ಮ ಅಲ್ಲೇ ಕೂತು ಹೂ ಕಟ್ಟುತ್ತಿದ್ದರು. ಅವರು ಅದನ್ನು ಕೇಳಿಸಿಕೊಂಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.